ಐಫ್ಲ್ಯಾಷ್ ಸೋಲೋ: ಹಳೆ ಐಪಾಡ್‌ನ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಕೂರಿಸುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಒಳ್ಳೆಯ ಬೋರ್ಡ್. ಧೈರ್ಯವಾಗಿ ತಗೊಳ್ಳಿ. ಆದರೆ ಇದರೊಳಗೆ ಹಾಕುವ ಕಾರ್ಡ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಈ ಬೋರ್ಡ್ ಕೆಲಸ ಮಾಡುತ್ತಿಲ್ಲ ಅಂತ ನನ್ನ ಕೈಗೆ ಬಂದ ಐಪಾಡ್‌ಗಳಲ್ಲಿ ಬೋರ್ಡ್ ಕೆಟ್ಟಿರುವುದನ್ನು ನಾನು ಇನ್ನೂ ನೋಡಿಲ್ಲ. ತಪ್ಪು ಒಂದೋ ಕಾರ್ಡ್‌ನದು, ಇಲ್ಲ ರಿಬ್ಬನ್ ಕೇಬಲ್‌ನದು.

ಇದೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಐಪಾಡ್ ವಿಡಿಯೋ, ಅಂದರೆ 2005ರ ಅಕ್ಟೋಬರ್‌ನಲ್ಲಿ ಬಂದ 5ನೇ ತಲೆಮಾರು, ಆಮೇಲೆ 2007ರಿಂದ 2014ರವರೆಗೆ ಮಾರಿದ ಕ್ಲಾಸಿಕ್, ಇವುಗಳ ಒಳಗೆ ಇರುವುದು 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್. ಅದು ಒಂದು ತೆಳು ರಿಬ್ಬನ್ ಮೂಲಕ ಜಿಫ್ ಕನೆಕ್ಟರ್‌ಗೆ, ಅಂದರೆ ರಿಬ್ಬನ್ ತೂರಿಸಿ ಪುಟ್ಟ ಬೀಗ ಮುಚ್ಚುವ ಸಾಕೆಟ್‌ಗೆ, ಸೇರುತ್ತದೆ. ಐಪಾಡ್ ಮಾತಾಡುವುದು ಹಾರ್ಡ್ ಡಿಸ್ಕ್‌ಗಳ ಹಳೆಯ ಎಟಿಎ ಭಾಷೆ, ಎಸ್‌ಡಿ ಕಾರ್ಡ್‌ಗೆ ಅದು ಬರುವುದಿಲ್ಲ. ನಡುವೆ ಕೂತು ದುಭಾಷಿ ಕೆಲಸ ಮಾಡುವುದೇ ಈ ಬೋರ್ಡ್. ಒಂದು ಕಡೆ ರಿಬ್ಬನ್ ಹೋಗುತ್ತದೆ, ಇನ್ನೊಂದು ಕಡೆ ಪೂರ್ಣ ಗಾತ್ರದ ಒಂದು ಎಸ್‌ಡಿ ಕಾರ್ಡ್. ಅಷ್ಟೇ. ಬೆಸುಗೆ ಹಾಕುವ ಕೆಲಸವೇ ಇಲ್ಲ.

ಡಿಸ್ಕ್ ಚೆನ್ನಾಗಿಯೇ ಓಡುತ್ತಿದ್ದರೆ ಯಾಕೆ ಬದಲಿಸಬೇಕು ಅಂತ ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ಆ ಡಿಸ್ಕ್ ನಿಮಿಷಕ್ಕೆ 4200 ಸುತ್ತು ತಿರುಗುತ್ತದೆ, ಆದರೆ ಯಾವಾಗಲೂ ಅಲ್ಲ. ಒಮ್ಮೆ ಎದ್ದು ಕೆಲವು ಹಾಡುಗಳನ್ನು ಮೆಮೊರಿಗೆ (ಡಿಸ್ಕ್ ಅಲ್ಲ, ರ‍್ಯಾಮ್ ಚಿಪ್‌ಗೆ) ತುಂಬಿ ಮತ್ತೆ ಮಲಗುತ್ತದೆ. ಚಿಕ್ಕ ಎಂಪಿ3 ಫೈಲ್‌ಗಳ ಕಾಲಕ್ಕೆ ಇದು ತುಂಬಾ ಬುದ್ಧಿವಂತ ಏರ್ಪಾಡು. ಆದರೆ ನಾವೀಗ ಧ್ವನಿಯಲ್ಲಿ ಏನನ್ನೂ ಕಳೆಯದ ಲಾಸ್‌ಲೆಸ್ ಫೈಲ್ ತುಂಬುತ್ತೇವೆ, ಒಂದೊಂದು ಹಾಡೂ 25–30 ಎಂಬಿ. 30 ಜಿಬಿ ಮಾಡೆಲ್‌ನಲ್ಲಿ ಇರುವ ಮೆಮೊರಿಯೇ 32 ಎಂಬಿ. ಹಾಗಾಗಿ ಡಿಸ್ಕ್ ಪದೇ ಪದೇ ಏಳಬೇಕು, ಬ್ಯಾಟರಿ ತಿನ್ನುತ್ತದೆ, ಹಾಡು ಹಾರಿಸಿದಾಗಲೆಲ್ಲ ಒಂದೆರಡು ಸೆಕೆಂಡ್ ಕಾಯಬೇಕು, ಜೊತೆಗೆ ಇಷ್ಟು ವರ್ಷ ಹಳೆಯದಾದ ಯಂತ್ರದ ಬೇರಿಂಗ್ ಮೇಲೆ ಜಾಸ್ತಿ ಹೊರೆ. ಕಾರ್ಡ್ ಹಾಕಿದ ಮೇಲೆ ಈ ಕಾಯುವಿಕೆ ಪೂರ್ತಿ ಹೋಗುತ್ತದೆ. ಮುಂದಿನ ಹಾಡು ಒತ್ತಿದ ಕೂಡಲೇ ಶುರು. ಕೈಯಲ್ಲಿ ಹಿಡಿದಾಗ ಹಗುರವೂ ಆಗಿರುತ್ತದೆ, ಜೇಬಿನಲ್ಲಿಟ್ಟು ಓಡಿದರೂ ಭಯ ಇಲ್ಲ.

ಬೋರ್ಡ್ ತರಿಸುವ ಮೊದಲು ನಿಮ್ಮ ಡಿಸ್ಕ್ ಯಾವ ಸ್ಥಿತಿಯಲ್ಲಿದೆ ಅಂತ ನೋಡಿಕೊಳ್ಳಿ. ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಐಪಾಡ್ ರೀಸೆಟ್ ಆಗುತ್ತದೆ. ಪರದೆ ಮೇಲೆ ಲೋಗೋ ಬಂದ ತಕ್ಷಣ ನಡುವಿನ ಬಟನ್ ಮತ್ತು ಹಿಂದಿನ ಹಾಡಿನ ಬಟನ್ ಹಿಡಿದರೆ ಡಯಾಗ್ನಾಸ್ಟಿಕ್ ಮೋಡ್ ತೆರೆಯುತ್ತದೆ. ಅಲ್ಲಿ ಹಾರ್ಡ್ ಡ್ರೈವ್ ಸ್ಮಾರ್ಟ್ ಡೇಟಾ ಅಂತ ಒಂದು ಪುಟ ಇದೆ. ರೀಅಲೊಕೇಟ್ ಆದ ಸೆಕ್ಟರ್‌ಗಳು (ಕೆಟ್ಟು ಬದಲಿ ಜಾಗಕ್ಕೆ ಹೋದ ಡಿಸ್ಕ್‌ನ ಪುಟ್ಟ ತುಂಡುಗಳು), ಪೆಂಡಿಂಗ್ ಸೆಕ್ಟರ್‌ಗಳು (ಕೆಟ್ಟಿವೆ ಅನ್ನುವ ಅನುಮಾನ ಇರುವವು) ಎಷ್ಟು ಅಂತ ಅದೇ ಹೇಳುತ್ತದೆ. ಎರಡೂ ಸೊನ್ನೆ ಇದ್ದರೆ ನಿಮಗೆ ಆತುರ ಇಲ್ಲ. ಸಂಖ್ಯೆ ಏರುತ್ತಿದ್ದರೆ ಅದರಲ್ಲಿರುವ ಹಾಡುಗಳನ್ನು ಇವತ್ತೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ಬಿಚ್ಚುವ ಕೆಲಸ. 5ನೇ ತಲೆಮಾರಿನದು ಇದ್ದರೆ ನೀವು ಅದೃಷ್ಟವಂತರು. ಮುಂಭಾಗ ಪ್ಲಾಸ್ಟಿಕ್, ಬೆನ್ನು ಸ್ಟೀಲ್. ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅಂಚಿನ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದರೆ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಕ್ಲಾಸಿಕ್‌ನಲ್ಲಿ ಮುಂಭಾಗವೂ ಲೋಹ, ಕ್ಲಿಪ್‌ಗಳೂ ಗಟ್ಟಿ. ಅಲ್ಲಿ ಲೋಹದ ಸಲಕರಣೆ ಬಳಸಲೇಬೇಕಾಗುತ್ತದೆ, ಅಂಚು ಸ್ವಲ್ಪ ಡೊಂಕಾಗದೆ ತೆರೆಯುವುದು ಬಹಳ ಕಷ್ಟ. ಮೊದಲ ಸಲ ಕೈ ಹಾಕುವವರು ಕ್ಲಾಸಿಕ್‌ನಿಂದ ಶುರು ಮಾಡಬೇಡಿ ಅಂತಲೇ ನನ್ನ ಸಲಹೆ.

ತೆರೆದ ಮೇಲೆ ಎರಡೂ ಅರ್ಧಗಳನ್ನು ಎಳೆಯಬೇಡಿ. ಹೆಡ್‌ಫೋನ್ ಜಾಕ್ ಮತ್ತು ಹೋಲ್ಡ್ ಸ್ವಿಚ್‌ನ ರಿಬ್ಬನ್ ಬೆನ್ನಿಗೆ ಅಂಟಿಕೊಂಡಿರುತ್ತದೆ, ಬ್ಯಾಟರಿಯ ರಿಬ್ಬನ್ ಕೂಡ. ಪುಸ್ತಕ ತೆರೆದ ಹಾಗೆ ಪಕ್ಕಕ್ಕೆ ಬಿಡಿಸಿಡಬೇಕು. ಬ್ಯಾಟರಿ ಕನೆಕ್ಟರ್‌ನ ಪುಟ್ಟ ಬೀಗ ಸ್ವಲ್ಪವೇ ಮೇಲೆದ್ದು ನಿಲ್ಲುತ್ತದೆ. ಅದು ಕಿತ್ತು ಬರುವ ಭಾಗ ಅಲ್ಲ. ಬಲ ಹಾಕಿದರೆ ಕೈಗೇ ಬರುತ್ತದೆ, ಆಮೇಲೆ ಅದನ್ನು ಸರಿಮಾಡಲು ಬೆಸುಗೆ ಕಡ್ಡಿಯೇ ಬೇಕು. ಬ್ಯಾಟರಿ ಊದಿಕೊಂಡಿದ್ದರೆ ಇನ್ನೂ ಹುಷಾರು. ಲೋಹದ ಚೂಪು ಸಲಕರಣೆ ಅದರ ಹತ್ತಿರಕ್ಕೂ ಹೋಗಬಾರದು.

ಬೋರ್ಡ್ ಕೂರಿಸುವುದು ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ಹಳೆ ಡಿಸ್ಕ್ ಬಿಡಿಸುವಾಗ ರಿಬ್ಬನ್ನಿನ ಸಂಪರ್ಕಗಳು ಯಾವ ಕಡೆಗೆ ಮುಖ ಮಾಡಿವೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಹಾಗೆಯೇ ಹೊಸದಕ್ಕೆ ತೂರಿಸಿ, ಬೀಗ ಮುಚ್ಚಿ. ಜಿಫ್ ಕನೆಕ್ಟರ್ ಗಟ್ಟಿಯಾಗಿದೆ, ಬೀಗ ಸರಿಯಾಗಿ ಕೂರುತ್ತದೆ, ಕಾರ್ಡ್ ಅಲ್ಲಾಡುವುದಿಲ್ಲ. ತೀರಾ ಅಗ್ಗದ ಒಂದು ಹೆಸರಿಲ್ಲದ ಬೋರ್ಡನ್ನೂ ಬಳಸಿ ನೋಡಿದ್ದೇನೆ. ಅದರ ಬೀಗ ಸಡಿಲ, ರಿಬ್ಬನ್ ಒಂದು ಕೂದಲೆಳೆ ಓರೆಯಾದರೂ ಸಂಪರ್ಕ ತಪ್ಪುತ್ತಿತ್ತು. ಐಫ್ಲ್ಯಾಷ್‌ಗೆ ಕೊಡುವ ಹೆಚ್ಚಿನ ಹಣ ಈ ಒಂದು ಕನೆಕ್ಟರ್‌ಗೇ ಸಾರ್ಥಕ ಅನ್ನುವುದು ನನ್ನ ಅಭಿಪ್ರಾಯ. ಡಿಸ್ಕ್ ಹೋದ ಜಾಗ ಖಾಲಿ ಉಳಿಯುತ್ತದೆ, ಅಲ್ಲಿ ಮೆತ್ತನೆ ಫೋಮ್ ತುಂಡು ಇಡಿ. ಇಲ್ಲದಿದ್ದರೆ ಬೋರ್ಡ್ ಒಳಗೇ ಅಲ್ಲಾಡಿ ರಿಬ್ಬನ್ ಸವೆಯುತ್ತದೆ.

ಈಗ ಕಾರ್ಡ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಜನ ಮೊದಲು ನೋಡುವುದು ವೇಗ. ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಸೆಕೆಂಡಿಗೆ ಇಷ್ಟು ನೂರು ಎಂಬಿ ಅಂತ ಬರೆದಿರುತ್ತಾರೆ. ಐಪಾಡ್‌ಗೆ ಅದು ಬೇಕಾಗಿಲ್ಲ. ಈ ಯಂತ್ರದ ಯುಎಸ್‌ಬಿಯೇ 2.0, ನಿಜವಾದ ನಕಲು ವೇಗ ಅದಕ್ಕಿಂತಲೂ ಎಷ್ಟೋ ಕಡಿಮೆ. 4ಕೆ ವಿಡಿಯೋಗೆ ಮಾಡಿದ ಕಾರ್ಡ್ ಹಾಕುವುದು ಸುಮ್ನೆ ದಂಡ. ಆ್ಯಪ್‌ಗಳಿಗಾಗಿ ಕೊಡುವ ಎ1, ಎ2 ಅನ್ನುವ ಗುರುತುಗಳೂ ಇಲ್ಲಿ ಲೆಕ್ಕಕ್ಕಿಲ್ಲ. ಬೇಕಾಗಿರುವುದು ಬೇರೆ ಎರಡು ಗುಣ. ಸುಮ್ಮನಿದ್ದಾಗ ಕಾರ್ಡ್ ಕಡಿಮೆ ಕರೆಂಟ್ ಎಳೆಯಬೇಕು. ಮತ್ತೆ, ಗಂಟೆಗಟ್ಟಲೆ ಒಂದೇ ಸಮನೆ ಬರೆಯುವಾಗ ಮಧ್ಯದಲ್ಲಿ ಉಸಿರು ಕಟ್ಟಬಾರದು. ಈ ಎರಡನ್ನೂ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ, ಅದೇ ತೊಂದರೆ.

ಸರಿಹೊಂದದ ಕಾರ್ಡ್‌ನ ಲಕ್ಷಣ ಹೇಗಿರುತ್ತದೆ ಅಂದರೆ, ರಿಸ್ಟೋರ್, ಅಂದರೆ ಕಂಪ್ಯೂಟರ್‌ನಿಂದ ಐಪಾಡ್‌ಗೆ ಸಾಫ್ಟ್‌ವೇರ್ ಹೊಸದಾಗಿ ಹಾಕುವುದು, ಆರಾಮಾಗಿ ಮುಗಿಯುತ್ತದೆ, ಮೊದಲ ಕೆಲವು ನೂರು ಹಾಡುಗಳೂ ಹೋಗುತ್ತವೆ, ನೀವು ಖುಷಿಯಿಂದ ಬೆನ್ನು ಮುಚ್ಚುತ್ತೀರಿ, ಆಮೇಲೆ ನಕಲು ಎಲ್ಲೋ ನಡುವೆ ನಿಂತು ಐಪಾಡ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ. ಅದಕ್ಕೇ ಒಂದು ಮಾತು: ಕಾರ್ಡ್ ಪೂರ್ತಿ ತುಂಬುವ ತನಕ ಬೆನ್ನು ಮುಚ್ಚಬೇಡಿ. ಮೇಜಿನ ಮೇಲೆ ತೆರೆದೇ ಇಟ್ಟು ರಾತ್ರಿಯಿಡೀ ನಕಲಾಗಲು ಬಿಡಿ.

ಸುಳ್ಳು ಸಾಮರ್ಥ್ಯದ ಕಾರ್ಡ್‌ಗಳ ಕಾಟ ಬೇರೆ. 512 ಜಿಬಿ ಅಂತ ಬರೆದು ಒಳಗೆ 32 ಜಿಬಿ ಇಟ್ಟಿರುತ್ತಾರೆ, ಕಂಪ್ಯೂಟರ್ ಕೂಡ 512 ಅಂತಲೇ ತೋರಿಸುತ್ತದೆ. 32 ದಾಟಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಪುಟ್ಟ ಪ್ರೋಗ್ರಾಂ ಇವೆ. ಎರಡೂ ಉಚಿತ. ಕಾರ್ಡ್ ಪೂರ್ತಿ ತುಂಬುವಷ್ಟು ಬರೆದು, ಮತ್ತೆ ಓದಿ, ಹೋಲಿಸಿ ನೋಡುತ್ತವೆ. ತುಂಬಾ ಹೊತ್ತು ಹಿಡಿಯುತ್ತದೆ ನಿಜ, ಆದರೆ ಈ ಪರೀಕ್ಷೆ ಇಲ್ಲದೆ ಯಾವ ಕಾರ್ಡನ್ನೂ ಐಪಾಡ್ ಒಳಗೆ ಮುಚ್ಚಬಾರದು.

ಇದೇ ತಯಾರಕರ ಕ್ವಾಡ್ ಅನ್ನುವ ಬೋರ್ಡ್‌ನಲ್ಲಿ ನಾಲ್ಕು ಮೈಕ್ರೋಎಸ್‌ಡಿ ಹಾಕಬಹುದು. ನೋಡಿದರೆ ಆಸೆ ಆಗುತ್ತದೆ ಅಲ್ವಾ? ನನಗೆ ಸೋಲೋನೇ ಇಷ್ಟ. ಕ್ವಾಡ್ ನಾಲ್ಕೂ ಕಾರ್ಡ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಒಂದೇ ದೊಡ್ಡ ಡಿಸ್ಕ್ ಅಂತ ತೋರಿಸುತ್ತದೆ. ಹಾಗಾಗಿ ಒಂದು ಕಾರ್ಡ್ ಸತ್ತರೂ ಇಡೀ ಲೈಬ್ರರಿ ಹೋಯಿತು. ನಾಲ್ಕು ಕಾರ್ಡ್ ಅಂದರೆ ಕರೆಂಟ್ ಖರ್ಚೂ ಜಾಸ್ತಿ. ಈಗ ಒಂದೇ ಕಾರ್ಡ್‌ನಲ್ಲಿ 512 ಜಿಬಿ, 1 ಟಿಬಿ ಸಿಗುವಾಗ ನಾಲ್ಕು ಕಡೆ ಅಪಾಯ ಯಾಕೆ?

ಇನ್ನು ಸಾಫ್ಟ್‌ವೇರ್. ಜಾಗ ಎಷ್ಟೇ ಇದ್ದರೂ ಆ್ಯಪಲ್‌ನ ಮೂಲ ಸಾಫ್ಟ್‌ವೇರ್ ಇಡೀ ಹಾಡುಗಳ ಪಟ್ಟಿಯನ್ನು ಮೆಮೊರಿಗೆ ತಂದುಕೊಳ್ಳುತ್ತದೆ. 32 ಎಂಬಿ ಮೆಮೊರಿಯ ಮಾಡೆಲ್‌ನಲ್ಲಿ ಸಾವಿರಾರು ಹಾಡು ದಾಟಿ ಪಟ್ಟಿ ತುಂಬಾ ಉದ್ದವಾದರೆ ಅದು ತಡವರಿಸಲು ಶುರು ಮಾಡುತ್ತದೆ. 60 ಮತ್ತು 80 ಜಿಬಿ ಮಾಡೆಲ್‌ಗಳಲ್ಲಿ 64 ಎಂಬಿ ಇದೆ. ಹಾಗಾಗಿ ಹಳೆಯದು ಹುಡುಕುವಾಗ, ಡಿಸ್ಕ್ ಹೇಗೂ ಬಿಸಾಡುತ್ತೇವೆ ಅಂತ ಚಿಕ್ಕದನ್ನು ಆರಿಸಬೇಡಿ. ದೊಡ್ಡ ಲೈಬ್ರರಿ ಇರುವವರಿಗೆ ಬೇಕಾದ್ದು ಆ ಮೆಮೊರಿ.

ಇಲ್ಲವೇ ರಾಕ್‌ಬಾಕ್ಸ್ ಹಾಕಿಕೊಳ್ಳಿ. 2001ರಿಂದ ಸ್ವಯಂಸೇವಕರು ಬರೆದುಕೊಂಡು ಬಂದಿರುವ ಮುಕ್ತ ಸಾಫ್ಟ್‌ವೇರ್ ಇದು, ಇನ್ನೂ ಜೀವಂತವಾಗಿದೆ. ಇಷ್ಟು ಹಳೆಯ ಯಂತ್ರಗಳ ಮೇಲೆ ಇಷ್ಟು ಪ್ರೀತಿ ಇಟ್ಟು ದುಡಿದವರನ್ನು ನೆನೆದರೆ ನಿಜಕ್ಕೂ ಗೌರವ ಮೂಡುತ್ತದೆ. ಫ್ಲ್ಯಾಕ್, ಓಪಸ್, ಆಗ್ ಬಗೆಯ ಹಾಡಿನ ಫೈಲ್‌ಗಳೆಲ್ಲವೂ ನೇರವಾಗಿ ಓಡುತ್ತವೆ. ಹಾಡು ತುಂಬಲು ಆ್ಯಪಲ್‌ನ ಐಟ್ಯೂನ್ಸ್ ಪ್ರೋಗ್ರಾಂ ಬೇಡ, ಫೋಲ್ಡರ್ ಎಳೆದು ಹಾಕಿದರೆ ಮುಗಿಯಿತು. ಒಂದೇ ಷರತ್ತು, ಐಪಾಡ್ ಫ್ಯಾಟ್32 ಅನ್ನುವ, ಫೈಲ್ ಜೋಡಿಸಿಡುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ವಿಂಡೋಸ್‌ನಲ್ಲಿ ರಿಸ್ಟೋರ್ ಮಾಡಿದರೆ ಅದು ತಾನಾಗಿಯೇ ಹಾಗೆ ಆಗುತ್ತದೆ, ಮ್ಯಾಕ್‌ನಲ್ಲಿ ಆಗುವುದಿಲ್ಲ. ಆ್ಯಪಲ್‌ನ ಸಾಫ್ಟ್‌ವೇರ್ ಕೂಡ ಪಕ್ಕದಲ್ಲೇ ಉಳಿಯುತ್ತದೆ. ಐಪಾಡ್ ವಿಡಿಯೋದಲ್ಲಿ ಆನ್ ಮಾಡಿದ ಕೂಡಲೇ ಹೋಲ್ಡ್ ಸ್ವಿಚ್ ಸರಿಸಿದರೆ ಅದು ತೆರೆಯುತ್ತದೆ. ನಮಗೆ ಒಂದು ಕೊರತೆ ಇದೆ: ಹಾಡಿನ ಹೆಸರು ಕನ್ನಡದಲ್ಲಿದ್ದರೆ, ಕನ್ನಡ ಇರುವ ಫಾಂಟ್ ಹಾಕಿದರೂ ಒತ್ತಕ್ಷರಗಳು ಸರಿಯಾಗಿ ಕೂರುವುದಿಲ್ಲ. ನಾನು ರಾಕ್‌ಬಾಕ್ಸ್‌ಗಾಗಿ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟಿದ್ದೇನೆ.

ಬ್ಯಾಟರಿ ಬಗ್ಗೆ. ಡಿಸ್ಕ್ ಹೋದ ಜಾಗದಲ್ಲಿ ದೊಡ್ಡ ಬ್ಯಾಟರಿ ಹಿಡಿಯುತ್ತದೆ. 5ನೇ ತಲೆಮಾರಿನ 60 ಅಥವಾ 80 ಜಿಬಿ ಮಾಡೆಲ್‌ನ ದಪ್ಪ ಬೆನ್ನು ಇದ್ದರೆ 3000 ಎಂಎಎಚ್ ಅಂತ ಮಾರುವ ಬ್ಯಾಟರಿಯೂ ಕೂರುತ್ತದೆ. ಹೊಸದಾಗಿದ್ದಾಗ 30 ಜಿಬಿ ಮಾಡೆಲ್‌ಗೆ ಆ್ಯಪಲ್ ಹೇಳಿದ್ದು 14 ಗಂಟೆ, 60 ಜಿಬಿಗೆ 20. ಕಾರ್ಡ್ ಮತ್ತು ದೊಡ್ಡ ಬ್ಯಾಟರಿ ಸೇರಿದರೆ ಅದನ್ನು ಎಷ್ಟೋ ಪಟ್ಟು ದಾಟುತ್ತದೆ, ನಾನಂತೂ ಚಾರ್ಜರ್ ಎಲ್ಲಿದೆ ಅಂತ ಹುಡುಕುವಷ್ಟು ದಿನ ಓಡುತ್ತದೆ. ಆದರೆ ಚಾರ್ಜ್ ಆಗುವುದು ತುಂಬಾ ನಿಧಾನ. ಯುಎಸ್‌ಬಿಯಿಂದ ಇದು ಎಳೆದುಕೊಳ್ಳುವುದು ಅರ್ಧ ಆಂಪಿಯರ್ ಅಷ್ಟೇ, ಹಾಗಾಗಿ 3000 ತುಂಬಲು ಆರು ಗಂಟೆಗಿಂತ ಜಾಸ್ತಿ ಬೇಕು. ತೆಳು ಬೆನ್ನಿಗೆ ದೊಡ್ಡ ಬ್ಯಾಟರಿ ತುರುಕಲು ಹೋಗಬೇಡಿ. ಲಿಥಿಯಂ ಬ್ಯಾಟರಿಯನ್ನು ಒತ್ತಿ ಮುಚ್ಚುವುದು ಅಪಾಯದ ಕೆಲಸ.

ಈ ಬೋರ್ಡ್ ಹಾಕಿದರೆ ಧ್ವನಿ ಚೆನ್ನಾಗುತ್ತದೆ ಅನ್ನುವವರಿದ್ದಾರೆ. ನಂಬಬೇಡಿ. ಧ್ವನಿ ಕೊಡುವುದು 5ನೇ ತಲೆಮಾರಿನಲ್ಲಿ ವುಲ್ಫ್‌ಸನ್ ಚಿಪ್, ಕ್ಲಾಸಿಕ್‌ನಲ್ಲಿ ಸಿರಸ್ ಲಾಜಿಕ್ ಚಿಪ್, ಅದನ್ನು ನೀವು ಮುಟ್ಟಿಯೇ ಇಲ್ಲ. ಇರುವ ವ್ಯತ್ಯಾಸ ಒಂದೇ, ಕಿವಿಗೆ ಹತ್ತಿರ ಹಿಡಿದರೆ ಮೊದಲು ಕೇಳುತ್ತಿದ್ದ ಡಿಸ್ಕ್ ತಿರುಗುವ ಸದ್ದು ಈಗ ಇಲ್ಲ.

ಕ್ಲಾಸಿಕ್ ಇರುವವರು ಕಾರ್ಡ್ ತರಿಸುವ ಮೊದಲು ನಿಮ್ಮದು ಯಾವ ವರ್ಷದ್ದು ಅಂತ ಖಂಡಿತ ನೋಡಿಕೊಳ್ಳಿ. 2007 ಮತ್ತು 2008ರ ಮಾಡೆಲ್‌ಗಳಲ್ಲಿ ಆ್ಯಪಲ್‌ನ ಸಾಫ್ಟ್‌ವೇರ್ ಸೆಕ್ಟರ್‌ಗಳನ್ನು 28 ಬಿಟ್‌ನಲ್ಲಿ ಎಣಿಸುತ್ತದೆ. ಒಂದು ಸೆಕ್ಟರ್‌ಗೆ 512 ಬೈಟ್ ಅಂತ ಲೆಕ್ಕ ಹಾಕಿದರೆ 128 ಜಿಬಿಗೆ ಎಣಿಕೆ ಮುಗಿಯುತ್ತದೆ, ಅದರಾಚೆ ಕಾರ್ಡ್ ಎಷ್ಟೇ ದೊಡ್ಡದಿದ್ದರೂ ಪ್ರಯೋಜನ ಇಲ್ಲ. 2009ರ 160 ಜಿಬಿ ಕ್ಲಾಸಿಕ್‌ಗೂ 5ನೇ ತಲೆಮಾರಿಗೂ ಈ ತಡೆ ಇಲ್ಲ. ಇನ್ನು 4ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಐಪಾಡ್ ಇರುವವರಿಗೆ ಸೋಲೋ ಹೊಂದುವುದೇ ಇಲ್ಲ. ಅವುಗಳ ಡಿಸ್ಕ್ ಕನೆಕ್ಟರ್ ಬೇರೆ ಥರದ್ದು, ಅದಕ್ಕೆ ಬೇರೆಯೇ ಅಡಾಪ್ಟರ್ ಬೇಕು.