ಒಣಗಣ್ಣಿನ ಚಿಕಿತ್ಸೆ ಮತ್ತು ಸರಿಯಾದ ವೈದ್ಯರ ಹುಡುಕಾಟ: ಹಲವು ವರ್ಷಗಳ ಬಳಕೆಯ ನಂತರ

ಒಣಗಣ್ಣಿಗೆ ಯಾವ ಹನಿ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಹನಿಯ ಹೆಸರು ಹೇಳುವುದಿಲ್ಲ. ನಿಮ್ಮ ವೈದ್ಯರು ರೆಪ್ಪೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದ್ದಾರೆಯೇ ಎಂದು ಕೇಳುತ್ತೇನೆ. ಹೆಚ್ಚಿನವರು ಇಲ್ಲವೆನ್ನುತ್ತಾರೆ. ಈ ತೊಂದರೆಯಲ್ಲಿ ಹನಿಗಿಂತ ಮೊದಲು ಆಯ್ಕೆ ಮಾಡಬೇಕಾದದ್ದು ವೈದ್ಯರನ್ನು. ನಾನು ವರ್ಷಗಳಿಂದ ಬಳಸಿದ ಚಿಕಿತ್ಸೆಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದರೂ ಎಲ್ಲದರ ಹಿಂದಿರುವ ಮಾತು ಅದೇ.

ಒತ್ತಿ ನೋಡುವುದು ಏಕೆ ಮುಖ್ಯ? ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮೇಲೆ ಅದನ್ನು ಅಂಟಿಸಿ ಹರಡುವ ಲೋಳೆ ಇದೆ, ನಡುವೆ ನೀರಿದೆ, ಆ ನೀರು ಆರಿಹೋಗದಂತೆ ಮೇಲೆ ತೆಳುವಾದ ಎಣ್ಣೆಯ ಪದರವಿದೆ. ಈ ಎಣ್ಣೆಯನ್ನು ಸ್ರವಿಸುವುದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಅವು ಮುಚ್ಚಿಕೊಂಡರೆ ನೀರು ಎಷ್ಟೇ ಬಂದರೂ ನಿಲ್ಲುವುದಿಲ್ಲ. ನನ್ನದು ಈ ಬಗೆಯದು. ನನ್ನ ಕಣ್ಣು ಸದಾ ನೀರಾಡುತ್ತಿತ್ತು. ಒಣಗಿದ ಮೇಲ್ಮೈ ಉರಿದಾಗ ದೇಹ ತುರ್ತಾಗಿ ಸುರಿಸುವ ನೀರು ಅದು. ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣನ್ನು ಕಾಯುವುದಿಲ್ಲ. ಹೀಗಿರುವಾಗ ಒಣಗಣ್ಣು ಎಂದರೆ ಮನೆಯವರೂ ನಂಬುವುದು ಕಷ್ಟ.

ಮೊದಲು ಕಂಡ ವೈದ್ಯರು ಅಕ್ಷರದ ಫಲಕ ಓದಿಸಿದರು, ದೃಷ್ಟಿ ಸರಿಯಾಗಿದೆ ಎಂದರು, ಕೃತಕ ಕಣ್ಣೀರು ಬರೆದುಕೊಟ್ಟರು. ನೋವು ಕಡಿಮೆಯಾಗಿಲ್ಲ ಎಂದು ಮತ್ತೆ ಹೋದಾಗ ಹನಿಯ ಹೆಸರು ಮಾತ್ರ ಬದಲಾಯಿತು. ಇನ್ನೊಬ್ಬರು ಇದು ಮನಸ್ಸಿನ ಒತ್ತಡ ಎಂದರು. ದಿನವಿಡೀ ಕಣ್ಣಿನಲ್ಲಿ ಮರಳು ಸವೆಯುತ್ತಿರುವವರಿಗೆ ಆ ಮಾತು ಎಷ್ಟು ನೋಯಿಸುತ್ತದೆ ಎಂಬುದನ್ನು ಹೇಳಿದವರು ತಿಳಿಯಬೇಕು.

ಕೊನೆಗೆ ನನಗೆ ಸಿಕ್ಕಿದ್ದು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮತ್ತು ಕಣ್ಣಿನ ಮೇಲ್ಮೈಯ ತಜ್ಞರು. ಅವರು ಕಣ್ಣು ನೋಡುವ ಮೊದಲು ಪ್ರಶ್ನೆ ಕೇಳಿದರು. ಅಲರ್ಜಿ ಮಾತ್ರೆ, ಖಿನ್ನತೆಯ ಔಷಧಿ, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಂಡಿದ್ದೀರಾ? ಬಾಯಿ ಒಣಗುತ್ತದೆಯೇ, ಕೀಲು ನೋಯುತ್ತದೆಯೇ? ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆ ಆಗಿದೆಯೇ? ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ? ಬಾಯಿ ಮತ್ತು ಕೀಲಿನ ಪ್ರಶ್ನೆ ಸ್ಯೋಗ್ರೆನ್ ಕಾಯಿಲೆಗಾಗಿ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಸ್ಯೋಗ್ರೆನ್ 1933ರಲ್ಲಿ ವಿವರಿಸಿದ, ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಎರಗುವ ರೋಗ. ಅದರ ಸುಳಿವು ಕಂಡರೆ ರಕ್ತಪರೀಕ್ಷೆ ಮತ್ತು ಸಂಧಿವಾತ ತಜ್ಞರ ಸಲಹೆ ಬೇಕಾಗುತ್ತದೆ. ಬರೀ ಕಣ್ಣೀರಿನ ಹನಿ ಬರೆಯುತ್ತ ಹೋದರೆ ಅದು ಹಾಗೆಯೇ ಉಳಿದುಬಿಡಬಹುದು.

ಪರೀಕ್ಷೆಗಳನ್ನು ಮಾಡಿದ ಕ್ರಮವೂ ನನಗೆ ಹಿಡಿಸಿತು. ಮೊದಲು ಫ್ಲೋರೆಸಿನ್ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ, ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ಎಣಿಸಿದರು. 10 ಸೆಕೆಂಡಿಗಿಂತ ಕಡಿಮೆಯಾದರೆ ತೊಂದರೆ ಎಂದರ್ಥ. ನನ್ನದು ಎಣಿಕೆ ಶುರುವಾಗುವಷ್ಟರಲ್ಲೇ ಒಡೆಯುತ್ತಿತ್ತು. ಆಮೇಲೆ ಶಿರ್ಮರ್ ಪರೀಕ್ಷೆ: ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುವುದು. ಕಾಗದ ಕಣ್ಣನ್ನು ಕೆಣಕುವುದರಿಂದ ಅದನ್ನು ನಂತರ ಮಾಡಬೇಕು. ಅದು ಸರಿಯಾಗಿಯೇ ಬಂತು. ಶಿರ್ಮರ್ ಪರೀಕ್ಷೆಯನ್ನು ಮಾತ್ರ ಮಾಡುವ ಕಡೆ ನನ್ನಂಥವರನ್ನು ಒಣಗಣ್ಣಿಲ್ಲವೆಂದು ಕಳುಹಿಸಿಬಿಡುತ್ತಾರೆ. ಕೊನೆಗೆ ರೆಪ್ಪೆ ಒತ್ತಿದರು. ತಿಳಿಯಾದ ಎಣ್ಣೆ ಬರಬೇಕಾದ ಕಡೆ ಟೂತ್‌ಪೇಸ್ಟಿನಂಥ ಗಟ್ಟಿ ವಸ್ತು ಬಂತು. ಅತಿಗೆಂಪು ಬೆಳಕಿನಲ್ಲಿ ಗ್ರಂಥಿಗಳ ಚಿತ್ರ ತೆಗೆದು, ಕೆಲವು ಈಗಾಗಲೇ ನಶಿಸಿವೆ, ಅವು ಮರಳಿ ಬರುವ ಭರವಸೆ ಕೊಡಲಾರೆ, ಉಳಿದವನ್ನು ಕಾಪಾಡೋಣ ಎಂದರು. ಕೆಟ್ಟ ಸುದ್ದಿಯೇ. ಆದರೂ ನನಗೆ ಏನಾಗಿದೆ ಎಂಬುದು ಅಂದು ಮೊದಲ ಬಾರಿಗೆ ತಿಳಿಯಿತು.

ಇನ್ನು ಚಿಕಿತ್ಸೆಗಳು. ಅತ್ಯಂತ ಹೆಚ್ಚು ಉಪಕಾರ ಮಾಡಿದ್ದು ಬಿಸಿ ಶಾಖ. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಕೆಲವು ನಿಮಿಷ ಬಿಡದೆ ತಾಗಬೇಕು. ಒದ್ದೆ ಬಟ್ಟೆ ಬೇಗ ಆರಿಹೋಗುತ್ತದೆ. ಶಾಖ ಕೊಟ್ಟು ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಅನೇಕರು ಬಟ್ಟೆ ಬಳಸಿದವರೇ ಇರುತ್ತಾರೆ. ಬಿಸಿ ಹಿಡಿದಿಡುವ ಕಣ್ಣುಪಟ್ಟಿ ಕೊಳ್ಳಿ, ಪ್ರತಿ ಸಲ ಮಣಿಕಟ್ಟಿನ ಮೇಲೆ ಇಟ್ಟು ಬಿಸಿ ನೋಡಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರವಾಗಿ ನೀವಬೇಕು, ಕಣ್ಣುಗುಡ್ಡೆಯನ್ನು ಒತ್ತಬಾರದು. ಫಲ ಕಾಣಲು ವಾರಗಳು ಬೇಕು, ಬಿಟ್ಟರೆ ತೊಂದರೆ ಮರಳುತ್ತದೆ. ರೆಪ್ಪೆಗೂದಲ ಬುಡದಲ್ಲಿ ಕೊಳವೆಯಾಕಾರದ ಹೊಟ್ಟು ಕಂಡರೆ ಅದು ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳದ ಗುರುತು. ಅದಕ್ಕೆ ಬೇರೆ ಚಿಕಿತ್ಸೆಯೇ ಇದೆ, ವೈದ್ಯರಿಗೆ ತೋರಿಸಿ.

ಹನಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ದಿನಕ್ಕೆ ಹಲವು ಬಾರಿ ಹಾಕುವವರು ಸಂರಕ್ಷಕವಿಲ್ಲದ ಹನಿಯನ್ನೇ ಬಳಸಬೇಕು. ಹನಿ ಕೆಡದಂತೆ ಬಾಟಲಿಗಳಲ್ಲಿ ಸಾಮಾನ್ಯವಾಗಿ ಬೆರೆಸುವ ಸಂರಕ್ಷಕವಾದ ಬೆಂಜಾಲ್ಕೋನಿಯಮ್ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಯನ್ನೇ ಕೆಡಿಸುತ್ತದೆ. ಕಣ್ಣನ್ನು ತೇವವಾಗಿಡುವ ಅಂಶಗಳಲ್ಲಿ ಸೋಡಿಯಂ ಹೈಲುರೊನೇಟ್ ನನಗೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್‌ಗಿಂತ ಹೆಚ್ಚು ಹೊತ್ತು ನಿಂತಿತು; ನಿಮಗೆ ಅದು ತಿರುಗುಮುರುಗಾಗಬಹುದು. ಕೆಂಪು ತೆಗೆಯುವ ಹನಿಗಳು ರಕ್ತನಾಳವನ್ನು ಕುಗ್ಗಿಸುತ್ತವೆ ಅಷ್ಟೇ, ಪ್ರಭಾವ ಇಳಿದ ಮೇಲೆ ಕೆಂಪು ಇನ್ನೂ ಹೆಚ್ಚಾಗಬಹುದು. ಅವನ್ನು ಮುಟ್ಟಬೇಡಿ.

ಸೈಕ್ಲೋಸ್ಪೊರಿನ್‌ಗೆ ತಾಳ್ಮೆ ಬೇಕು. ಅಮೆರಿಕದಲ್ಲಿ 0.05 ಪ್ರತಿಶತದ ಹನಿಗೆ 2002ರಲ್ಲೇ ಅನುಮತಿ ಸಿಕ್ಕಿದೆ, ಉರಿಯೂತವನ್ನು ತಗ್ಗಿಸುವುದು ಅದರ ಕೆಲಸ. ಹಾಕಿದೊಡನೆ ಉರಿಯುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳಾಗಬಹುದು. ಇದನ್ನು ಮುಂಚೆಯೇ ಹೇಳದ ವೈದ್ಯರ ರೋಗಿಗಳು ಕೆಲವೇ ವಾರಗಳಲ್ಲಿ ಬಿಟ್ಟುಬಿಡುತ್ತಾರೆ. ನನ್ನ ವೈದ್ಯರು ಹೇಳಿದ್ದರು. ಆರಂಭದಲ್ಲಿ ಅಲ್ಪಕಾಲ ಸ್ಟೀರಾಯ್ಡ್ ಹನಿಯನ್ನೂ ಜೊತೆಗೆ ಕೊಟ್ಟು ಕಣ್ಣಿನೊತ್ತಡ ಅಳೆಯುತ್ತಿದ್ದರು. ಸ್ಟೀರಾಯ್ಡ್ ಹನಿಯಿಂದ ಸಿಗುವ ಹಾಯಿ ಮೋಹಕ. ಅದನ್ನು ಸ್ವಂತಕ್ಕೆ ಮುಂದುವರಿಸಿದರೆ ಗ್ಲಾಕೋಮಾ, ಕಣ್ಣಿನ ಪೊರೆ ಬರುವ ಅಪಾಯವಿದೆ.

ಒಮೆಗಾ-3 ಗುಳಿಗೆಯನ್ನು ಬಹುಕಾಲ ನುಂಗಿದೆ, ಗುರುತಿಸುವಂಥ ವ್ಯತ್ಯಾಸವಾಗಲಿಲ್ಲ. 2018ರಲ್ಲಿ ಪ್ರಕಟವಾದ ಡ್ರೀಮ್ ಅಧ್ಯಯನದಲ್ಲಿ ದಿನಕ್ಕೆ 3,000 ಮಿಲಿಗ್ರಾಂ ಮೀನೆಣ್ಣೆಯ ಒಮೆಗಾ-3 ಒಂದು ವರ್ಷ ತೆಗೆದುಕೊಂಡವರಿಗೂ ಆಲಿವ್ ಎಣ್ಣೆಯ ಗುಳಿಗೆ ಪಡೆದವರಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಕಣ್ಣಿನ ಸುತ್ತಲಿನ ಚರ್ಮಕ್ಕೆ ತೀವ್ರ ಬೆಳಕಿನ ಮಿಡಿತ ಕೊಡುವ ಐಪಿಎಲ್ ಚಿಕಿತ್ಸೆ ನನಗೆ ಕೆಲವು ತಿಂಗಳ ನೆಮ್ಮದಿ ಕೊಟ್ಟಿತು, ಆಮೇಲೆ ಪ್ರಭಾವ ಇಳಿಯಿತು. ಮೈಬಣ್ಣ ಗಾಢವಾಗಿದ್ದಷ್ಟೂ ಚರ್ಮ ಸುಡುವ ಅಪಾಯ ಹೆಚ್ಚು, ಮಾಡಿಸುವ ಮೊದಲು ಈ ಮಾತನ್ನು ನೇರವಾಗಿ ಕೇಳಿ. ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಬಿರಡೆ ಹಾಕಿಸಬೇಕೆಂದು ನಾನೇ ಕೇಳಿದ್ದೆ. ಉರಿಯೂತ ಇಳಿಯುವ ಮುನ್ನ ಮುಚ್ಚಿದರೆ ಕೆಟ್ಟ ಕಣ್ಣೀರೇ ಒಳಗೆ ನಿಲ್ಲುತ್ತದೆ ಎಂದು ವೈದ್ಯರು ಒಪ್ಪಲಿಲ್ಲ. ಬೇಡವೆಂದು ಕಾರಣ ಕೊಡುವ ವೈದ್ಯರ ಮೇಲೆ ನನಗೆ ಗೌರವ ಹೆಚ್ಚು.

ಕೆಲವರಿಗೆ ಕಣ್ಣಿನ ಮೇಲ್ಮೈಯಲ್ಲಿ ಗುರುತೇ ಇಲ್ಲದೆ ವಿಪರೀತ ನೋವಿರುತ್ತದೆ. ಅಂಥವರಿಗೆ ಚಿಕಿತ್ಸಾಲಯದಲ್ಲಿ ಮರಗಟ್ಟಿಸುವ ಹನಿ ಹಾಕಿ ನೋಡುವುದುಂಟು. ನೋವು ಹೋಗದಿದ್ದರೆ ನರವ್ಯೂಹದ ಪಾತ್ರವಿದೆ ಎಂಬ ಸೂಚನೆ. ಇದು ನಿಜವಾದ ಕಾಯಿಲೆ, ಇದಕ್ಕೆ ನೋವಿನ ತಜ್ಞರಿದ್ದಾರೆ. ಆ ಹನಿಯನ್ನು ಮಾತ್ರ ಮನೆಯಲ್ಲಿ ಎಂದೂ ಬಳಸಬಾರದು, ಅದು ಕಾರ್ನಿಯಾವನ್ನೇ ಹಾಳುಮಾಡುತ್ತದೆ. ದೃಷ್ಟಿ ಹಠಾತ್ತಾಗಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ, ಒಂದೇ ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ವೈದ್ಯರನ್ನು ಹುಡುಕುತ್ತಿರುವವರು ಸಮಯ ಕಾಯ್ದಿರಿಸುವಾಗಲೇ ಕೇಳಿ: ಕಣ್ಣೀರಿನ ಪದರ ಒಡೆಯುವ ಸಮಯ ಅಳೆಯುತ್ತೀರಾ, ಗ್ರಂಥಿಗಳ ಚಿತ್ರ ತೆಗೆಯುತ್ತೀರಾ? ಪರೀಕ್ಷೆಗೆ ಹೋಗುವ ಮುನ್ನ ಒಂದೆರಡು ಗಂಟೆ ಹನಿ ಹಾಕಬೇಡಿ, ಕಣ್ಣಿಗೆ ಅಲಂಕಾರ ಬೇಡ, ನುಂಗುವ ಎಲ್ಲ ಔಷಧಿಗಳ ಪಟ್ಟಿ ಕೈಯಲ್ಲಿರಲಿ. ಬರುವಾಗ ಅಳತೆಗಳ ಮತ್ತು ಚಿತ್ರಗಳ ಪ್ರತಿ ಕೇಳಿ ಪಡೆಯಿರಿ. ಗ್ರಂಥಿಗಳು ಇನ್ನೂ ನಶಿಸುತ್ತಿವೆಯೇ, ನಿಂತಿವೆಯೇ ಎಂಬುದು ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟಾಗಲೇ ಗೊತ್ತಾಗುವುದು. ನನ್ನವು ಕಳೆದ ಎರಡು ಚಿತ್ರಗಳ ನಡುವೆ ಬದಲಾಗಿಲ್ಲ.