ಹಬ್ಬದ ದಿನ ಅಂಗಡಿಗೆ ಯಾವ ರೇಡಿಯೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರಿಗೆ ದೀಪಾವಳಿಯಲ್ಲಿ ದಿನವಿಡೀ ಹಾಡು ಬೇಕು. ಚಿತ್ರದುರ್ಗ ಆಕಾಶವಾಣಿಯ 102.6 ಎಫ್‌ಎಂ ಹಾಕಬಹುದು, ಇಲ್ಲವೇ ಮೊಬೈಲ್‌ನಲ್ಲಿ ಖಾಸಗಿ ವಾಹಿನಿ.

ಖಾಸಗಿಯವರು ಬದುಕುವುದು ಜಾಹೀರಾತಿನಿಂದ. ಹಬ್ಬವೇ ಅವರ ಸುಗ್ಗಿ. ಕೇಳುಗರು ವಾಹಿನಿ ಬದಲಿಸಬಾರದೆಂದು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಾರೆ. ಹತ್ತು ನಿಮಿಷ ನಿಲ್ಲುವ ಗಿರಾಕಿಗೆ ಅದು ಹಬ್ಬದ ಕಳೆ. ಬೆಳಗಿನಿಂದ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಹುಡುಗಿಗೆ ತಲೆನೋವು. ನಿಮ್ಮದೇ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೇರೆ ಮಳಿಗೆಯ ರಿಯಾಯಿತಿಯ ಘೋಷಣೆ ಮೊಳಗುವುದೂ ಉಂಟು!

ಆಕಾಶವಾಣಿಗೂ ಜಾಹೀರಾತು ಹೊಸದಲ್ಲ, ಅದರದೇ ಮನರಂಜನಾ ವಾಹಿನಿ ವಿವಿಧ ಭಾರತಿ 1967ರಲ್ಲೇ ಶುರು ಮಾಡಿತ್ತು. ಆದರೂ ಗದ್ದಲ ಕಡಿಮೆ, ಡೇಟಾ ಖರ್ಚಿಲ್ಲ. ಮುಂಜಾನೆಯ ಭಕ್ತಿಗೀತೆಗಳಿಗೆ ಸಾಟಿಯಿಲ್ಲ. ಆದರೆ ನಡುವೆ ವಾರ್ತೆ ಬರುತ್ತದೆ, ರೈತರಿಗೆ ಸಲಹೆ ಬರುತ್ತದೆ. ರೇಷ್ಮೆ ಸೀರೆಯ ಚೌಕಾಸಿ ಬಿರುಸಾಗಿರುವಾಗ ಗೊಬ್ಬರದ ಮಾತು ಹಿತವೆನಿಸದು.

ಪೂಜೆ ಮುಗಿಯುವವರೆಗೆ ಆಕಾಶವಾಣಿ, ಸಂಜೆ ಜನ ನುಗ್ಗುವಾಗ ಖಾಸಗಿ: ನನ್ನ ಆಯ್ಕೆ ಇದು. ಒಂದೇ ಸಾಕು ಎನ್ನುವುದಾದರೆ ಆಕಾಶವಾಣಿಯನ್ನೇ ಹಚ್ಚಿ. ಕೆಲಸದವರೂ ನಿಮ್ಮನ್ನು ಹರಸುತ್ತಾರೆ.