ಅತ್ತೆ-ಮಾವನ ಜೊತೆ ಕ್ಯಾಂಪರಿನಲ್ಲಿ ಪಿನಾಕಲ್ಸ್‌ಗೆ

ಮೊದಲೇ ಹೇಳಿಬಿಡುತ್ತೇನೆ: ಕ್ಯಾಲಿಫೋರ್ನಿಯಾದ ಪಿನಾಕಲ್ಸ್ ನ್ಯಾಷನಲ್ ಪಾರ್ಕಿನ ಕ್ಯಾಂಪ್‌ಗ್ರೌಂಡಿಗೆ ಐದಕ್ಕೆ ಐದು ನಕ್ಷತ್ರ. ನಮ್ಮನ್ನು ಅಲ್ಲಿಗೆ ಹೊತ್ತುಕೊಂಡು ಹೋದ ಬಾಡಿಗೆ ಕ್ಯಾಂಪರಿಗೆ (ಒಳಗೇ ಮಂಚ, ಒಲೆ, ಪಾಯಿಖಾನೆ ಇರುವ ಗಾಡಿ) ಐದಕ್ಕೆ ಮೂರು, ಅದೂ ಅತ್ತೆಯ ಮಂಡಿನೋವಿನ ದೆಸೆಯಿಂದ. ಟೆಂಟಿನಲ್ಲಿ ಮಲಗಿ ಎದ್ದು ಬರುವ ತಾಕತ್ತಿರುವ ಸಂಸಾರಕ್ಕೆ ಆ ದುಡ್ಡು ದಂಡ. ಊರಿಂದ ಬಂದ ಹಿರಿಯರನ್ನು ಬೆಟ್ಟದ ಬುಡದಲ್ಲಿ ಒಂದು ವಾರಾಂತ್ಯ ಇರಿಸಿಕೊಳ್ಳಬೇಕು ಅನ್ನುವ ಆಸೆ ಇದ್ದವರು ಮುಂದೆ ಓದಿ.

ನಾವಿರುವುದು ಫ್ರೀಮಾಂಟಿನಲ್ಲಿ. ನಾನು, ನಮ್ಮವರು, ಇಬ್ಬರು ಮಕ್ಕಳು, ಹಾಸನದಿಂದ ಬಂದಿರುವ ಅತ್ತೆ-ಮಾವ. ಮಾವ ಕೆಇಬಿಯಲ್ಲಿದ್ದು ರಿಟೈರ್ ಆದವರು. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಗಾಡಿ 25 ಅಡಿ ಉದ್ದದ್ದು. ಕ್ಲಾಸ್ ಸಿ ಅನ್ನುತ್ತಾರಲ್ಲ, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಮಂಚ ಇರುತ್ತದೆ, ಅದು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿಯವರೆಗಿನ ಇಂಥ ಗಾಡಿ ಓಡಿಸಲು ಕಾರಿನ ಲೈಸೆನ್ಸೇ ಸಾಕು. ಲೈಸೆನ್ಸ್ ಸಾಕು ಅಂದಮಾತ್ರಕ್ಕೆ ಧೈರ್ಯ ಬರುವುದಿಲ್ಲ, ಅದು ಬೇರೆ ಮಾತು. ಹಿಂದೆ ನೋಡಲು ಕಿಟಕಿ ಇಲ್ಲ, ಪಕ್ಕದ ಕನ್ನಡಿಗಳೇ ಗತಿ. ಎತ್ತರ ಹತ್ತಡಿಯ ಮೇಲಿರುವುದರಿಂದ ಪೆಟ್ರೋಲ್ ಬಂಕಿನ ಚಾವಣಿಯ ಕೆಳಗೆ ನುಗ್ಗುವ ಮುಂಚೆ ಯಾರಾದರೂ ಇಳಿದು ನೋಡಬೇಕು. ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿ ಕೊಟ್ಟರೆ ಹೆಚ್ಚು.

ಬಾಡಿಗೆ ಕೊಟ್ಟವರ ಹೆಸರು ಬೇಡ. ಆನ್‌ಲೈನಿನಲ್ಲಿ ದಿನಕ್ಕೆ ಇಷ್ಟು ಅಂತ ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ. ಇನ್ಷೂರೆನ್ಸು, ಕ್ಲೀನಿಂಗು, ಹಾಸಿಗೆ-ಪಾತ್ರೆಯ ಕಿಟ್ಟು, ಮಿತಿ ದಾಟಿದ ಮೈಲಿಗಳು, ಜನರೇಟರ್ ಓಡಿದ ಗಂಟೆಗಳು ಎಲ್ಲ ಸೇರುವಷ್ಟರಲ್ಲಿ ಅದು ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು. ದುಡ್ಡಿಗಿಂತ ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಕೀಲಿ ಕೊಡುವ ಹೊತ್ತಿಗೆ ಗೋಡೆಯ ಪ್ಯಾನೆಲ್ಲಿನಲ್ಲಿ ಪಾಯಿಖಾನೆ ಟ್ಯಾಂಕು ಮುಕ್ಕಾಲು ಭರ್ತಿ ಅಂತ ತೋರಿಸುತ್ತಿತ್ತು. ಕೇಳಿದರೆ ಆ ಹುಡುಗ, ಸೆನ್ಸರ್ ಹಾಗೇ ತೋರಿಸುತ್ತೆ, ತಲೆ ಕೆಡಿಸ್ಕೋಬೇಡಿ ಅಂದ. ಈ ಸೆನ್ಸರುಗಳು ಸುಳ್ಳು ಹೇಳುವುದು ನಿಜವೇ; ಒಳಗೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕೂ ತುಂಬಿದ ಹಾಗೆ ಕಾಣುತ್ತದಂತೆ. ಆದರೂ ನಮ್ಮೆದುರಿಗೆ ಒಮ್ಮೆ ಖಾಲಿ ಮಾಡಿ ತೋರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಎರಡು ದಿನ ಆ ಕೆಂಪು ದೀಪ ನೋಡಿಕೊಂಡೇ ಒಳಗೆ ಹೋಗಿಬರಬೇಕಾಯಿತು.

ದಾರಿ ಚೆನ್ನಾಗಿದೆ. ಸ್ಯಾನ್ ಹೋಸೆ ದಾಟಿ, ಗಿಲ್ರಾಯಿಯ ಬೆಳ್ಳುಳ್ಳಿ ವಾಸನೆ ಕುಡಿದು, ಹೈವೇ 25 ಹಿಡಿದು ಹಾಲಿಸ್ಟರ್. ಪೆಟ್ರೋಲು, ಹಾಲು, ಐಸು ಎಲ್ಲ ಅಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ಸುಮಾರು 30 ಮೈಲಿ ದನ ಮೇಯುವ ಗುಡ್ಡಗಳ ನಡುವೆ ಎರಡೇ ಲೇನಿನ ತಿರುವು ರಸ್ತೆ, ಫೋನ್ ಸಿಗ್ನಲ್ಲೂ ಕೈಕೊಡುತ್ತದೆ. ಪಾರ್ಕಿಗೆ ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ಬಾಗಿಲು. ಎರಡನ್ನೂ ಕೂಡಿಸುವ ರಸ್ತೆ ಪಾರ್ಕಿನೊಳಗೆ ಇಲ್ಲ. ಕ್ಯಾಂಪ್‌ಗ್ರೌಂಡ್ ಇರುವುದು ಪೂರ್ವದ ಕಡೆ. ಮ್ಯಾಪನ್ನು ನಂಬಿ ಸೋಲೆಡಾಡ್ ಕಡೆಯಿಂದ ಹೋದರೆ ಬೆಟ್ಟದ ಆಚೆ ಬದಿಗೆ ತಲುಪುತ್ತೀರಿ.

ಆ ತಿರುವುಗಳಲ್ಲಿ ಒಂದು ಪಾಠ: ಸ್ಟೀಲ್ ಡಬ್ಬಿಗಳನ್ನು ಮೇಲಿನ ಕಪಾಟಿನಲ್ಲಿಡಬೇಡಿ. ಚಟ್ನಿಪುಡಿ ಡಬ್ಬಿ ಹಾರಿ ಬಂದು ಸಿಂಕಿನೊಳಗೆ ಬಿತ್ತು. ಮುಚ್ಚಳ ಗಟ್ಟಿ ಇದ್ದದ್ದು ನಮ್ಮ ಪುಣ್ಯ.

ನಮಗೆ ಕರೆಂಟ್ ಪಾಯಿಂಟ್ ಇರುವ ಜಾಗ ಸಿಕ್ಕಿತ್ತು. ಒಂದು ಕಂಬ, ಅದರಲ್ಲಿ ದಪ್ಪ ಪ್ಲಗ್ಗಿನ ಸಾಕೆಟ್ಟು, ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ತಲೆಯ ಮೇಲೆ ಓಕ್ ಮರ. ನೀರಿನ ನಲ್ಲಿ ಹತ್ತಿರದಲ್ಲೇ ಇದೆ, ಆದರೆ ಗಾಡಿಗೆ ನೇರ ನೀರಿನ ಸಂಪರ್ಕವಾಗಲಿ ಡ್ರೈನಾಗಲಿ ಇಲ್ಲ. ನೆಲ ಒಂದಿಷ್ಟು ಇಳಿಜಾರು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು ಗಾಡಿ ಸಮತಟ್ಟಾಗಿ ನಿಂತರೆ ಮಾತ್ರ ಸರಿಯಾಗಿ ಕೆಲಸ ಮಾಡುವುದು. ನಮ್ಮವರು ಫೋನಿನ ಆ್ಯಪ್ ಹುಡುಕುತ್ತಿದ್ದರೆ, ಮಾವ ಒಂದು ಊಟದ ತಟ್ಟೆಗೆ ನೀರು ಹಾಕಿ ನೆಲದ ಮೇಲಿಟ್ಟು, ಅದು ಯಾವ ಅಂಚಿಗೆ ಸರಿಯುತ್ತದೆ ಅಂತ ನೋಡಿ, "ಎಡಗಡೆ ಮುಂದಿನ ಚಕ್ರಕ್ಕೆ ಇನ್ನೊಂದು ಹಲಗೆ ಕೊಡಪ್ಪ" ಅಂದರು. ಮುಗಿಯಿತು.

ಆಮೇಲೆ ಕಂಬದ ಹತ್ತಿರ ಹೋಗಿ ನಿಂತರು.

"ಎಷ್ಟು ಆಂಪ್ಸು ಇದು?"

"ಮೂವತ್ತು ಅಪ್ಪ."

"ವೋಲ್ಟೇಜು ನೂರಿಪ್ಪತ್ತು. ಹಂಗಾದ್ರೆ ಮೂರು ಸಾವಿರದ ಆರ್ನೂರು ವ್ಯಾಟು. ನಮ್ಮನೆ ಸ್ಯಾಂಕ್ಷನ್ ಲೋಡೇ ಮೂರು ಕಿಲೋವ್ಯಾಟ್ ಕಣೋ, ಅದರಲ್ಲೇ ಎರಡು ಮದುವೆ ಮಾಡಿದೀವಿ."

ಅಲ್ಲಿಂದಾಚೆ ಗಾಡಿಯ ಲೋಡ್ ಶೆಡ್ಡಿಂಗ್ ಪೂರ್ತಿ ಅವರ ಸುಪರ್ದಿಗೆ. ಎಸಿ ಒಂದೂವರೆ ಸಾವಿರ, ಕೆಟಲ್ ಒಂದೂವರೆ ಸಾವಿರ, ಇನ್‌ಸ್ಟಂಟ್ ಪಾಟ್ ಒಂದು ಸಾವಿರ. ಮೂರೂ ಒಟ್ಟಿಗೆ ಅಂದರೆ ಟ್ರಿಪ್. "ಎಸಿ ಓಡುತ್ತಿರುವಾಗ ಅನ್ನ ಅಥವಾ ಕಾಫಿ, ಎರಡರಲ್ಲಿ ಒಂದು" ಅಂತ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಒಂದು ಸಲವೂ ಕರೆಂಟ್ ಹೋಗಲಿಲ್ಲ. ಪಕ್ಕದ ಸೈಟಿನವರದು ಸಂಜೆ ಎರಡು ಸಲ ಹೋಯಿತು. ಮಾವ ಆ ಕಡೆ ನೋಡಿ ಏನೂ ಮಾತಾಡದೆ ಕೂತರು, ಮುಖದಲ್ಲಿ ಸಮಾಧಾನ ಕಾಣುತ್ತಿತ್ತು.

ಅಡುಗೆಗೆ ಬರೋಣ. ಗಾಡಿಯೊಳಗೆ ಮೂರು ಬರ್ನರಿನ ಒಲೆ ಇದೆ, ನಿಜ. ಅದು ನೂಡಲ್ಸ್ ಬೇಯಿಸುವವರಿಗೆ ಮಾಡಿದ ಒಲೆ. ಬೆಳಿಗ್ಗೆ ಉಪ್ಪಿಟ್ಟಿಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದದ್ದೇ ತಡ, ತಲೆಯ ಮೇಲಿನ ಸ್ಮೋಕ್ ಅಲಾರಾಂ ಕೂಗತೊಡಗಿತು. ಮಕ್ಕಳು ಅಟ್ಟದ ಮೇಲೆ ಕಿವಿ ಮುಚ್ಚಿಕೊಂಡವು. ಅಟ್ಟದಲ್ಲಿ ಎದ್ದು ಕೂರಲು ಎತ್ತರ ಇಲ್ಲ, ಹಾಗಾಗಿ ಮಲಗಿದ್ದಲ್ಲೇ ಕಿರುಚಿದವು. ಅತ್ತೆ ಟವೆಲ್ ಹಿಡಿದು ಗಾಳಿ ಬೀಸುತ್ತಾ "ಒಗ್ಗರಣೆಗೂ ಇವ್ರ ಪರ್ಮಿಷನ್ ತಗೋಬೇಕೇನಮ್ಮ?" ಅಂದರು. ನೆಲದ ಹತ್ತಿರ ಇನ್ನೊಂದು ಅಲಾರಾಂ ಇದೆ, ಅದು ಗ್ಯಾಸ್ ಸೋರಿದರೆ ಕೂಗಲಿಕ್ಕೆ. ಗ್ಯಾಸು ಗಾಳಿಗಿಂತ ಭಾರವಾಗಿ ಕೆಳಗೆ ಕೂರುವುದರಿಂದ ಅಲ್ಲಿಟ್ಟಿರುತ್ತಾರೆ. ಎರಡರ ತಂಟೆಗೂ ಹೋಗಬೇಡಿ, ಮುಚ್ಚಬೇಡಿ. ಕ್ಯಾಂಪಿಂಗ್ ಸ್ಟೋವ್ ಒಂದನ್ನು ಜೊತೆಗೆ ಒಯ್ದು, ಒಗ್ಗರಣೆ ಪೂರ್ತಿ ಹೊರಗಿನ ಮೇಜಿನ ಮೇಲೆ ಇಟ್ಟುಕೊಳ್ಳಿ. ಮಧ್ಯಾಹ್ನದ ಸಾರಿಗೆ ನಾವು ಹಾಗೇ ಮಾಡಿದೆವು. ಇಂಗಿನ ಘಮ ನಾಲ್ಕು ಸೈಟಿನಾಚೆಗೆ ಹೋಗಿರಬೇಕು, ಒಬ್ಬ ಅಜ್ಜ ನಾಯಿಯ ಜೊತೆ ಬಂದು ಏನು ಮಾಡುತ್ತಿದ್ದೀರಿ ಅಂತ ವಿಚಾರಿಸಿಕೊಂಡು ಹೋದ.

ಇನ್ನು ಯಾರೂ ಬರೆಯದ ವಿಷಯ. ನಮ್ಮ ಜನಕ್ಕೆ ಚೆಂಬು ಬೇಕು. ಕ್ಯಾಂಪರಿನ ಪಾಯಿಖಾನೆ ಕಾಗದದ ಲೆಕ್ಕದಲ್ಲಿ ಮಾಡಿದ್ದು. ಟ್ಯಾಂಕು 30 ಗ್ಯಾಲನ್, ಅಂದರೆ ನೂರಹದಿನೈದು ಲೀಟರಿನ ಆಸುಪಾಸು. ಆರು ಜನ ಚೆಂಬಿನಲ್ಲಿ ನೀರು ಸುರಿದರೆ ಭಾನುವಾರದವರೆಗೆ ಬರುವುದು ಕಷ್ಟ. ಹಗಲೆಲ್ಲ ಕ್ಯಾಂಪ್‌ಗ್ರೌಂಡಿನ ಫ್ಲಶ್ ಟಾಯ್ಲೆಟ್ಟು, ಗಾಡಿಯದ್ದು ರಾತ್ರಿ ಮಾತ್ರ ಅಂತ ಗೊತ್ತುಮಾಡಿಕೊಂಡೆವು. ಅತ್ತೆಗೆ ರಾತ್ರಿ ಎರಡು ಮೂರು ಸಲ ಏಳಬೇಕು. ಏಪ್ರಿಲ್ ಚಳಿಯಲ್ಲಿ ಟಾರ್ಚ್ ಹಿಡಿದು ಕಲ್ಲಿನ ಮೇಲೆ ನಡೆಯುವ ಬದಲು ಮಂಚದಿಂದ ನಾಲ್ಕು ಹೆಜ್ಜೆ. ಮೂರು ನಕ್ಷತ್ರದಲ್ಲಿ ಎರಡು ಇದಕ್ಕೇ ಕೊಟ್ಟದ್ದು.

ಬಿಸಿನೀರು ಆರೇ ಗ್ಯಾಲನ್. ಒಬ್ಬರ ಸ್ನಾನಕ್ಕೆ ಸಾಕು, ಮುಂದಿನವರು ಕಾಯಬೇಕು. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಇಡೀ ಗಾಡಿ ಅಲ್ಲಾಡುತ್ತದೆ. ಹೀಟರಿನ ಫ್ಯಾನು ಹತ್ತು ನಿಮಿಷಕ್ಕೊಮ್ಮೆ ಭರ್ರ್ ಅನ್ನುತ್ತದೆ. ಊಟದ ಮೇಜು ಮಡಿಸಿ ಮಾಡುವ ಹಾಸಿಗೆಯಲ್ಲಿ ನಮಗಿಬ್ಬರಿಗೂ ನಿದ್ದೆ ಅಷ್ಟಕ್ಕಷ್ಟೆ.

ಆದರೆ ಬೆಳಗಿನ ಹೊತ್ತು ಇದೆಯಲ್ಲ, ಅದಕ್ಕಾಗಿ ಇನ್ನೊಮ್ಮೆ ಹೋಗುತ್ತೇನೆ. ಕ್ಯಾಂಪ್‌ಗ್ರೌಂಡಿನ ಆಗ್ನೇಯಕ್ಕೆ ಒಂದು ದಿಣ್ಣೆಯ ಸಾಲಿದೆ. ಕ್ಯಾಲಿಫೋರ್ನಿಯಾ ಕಾಂಡೊರ್ ಅನ್ನುವ ದೊಡ್ಡ ರಣಹದ್ದುಗಳು ರಾತ್ರಿ ಕೂರುವುದು ಆ ಕಡೆ. ಬಿಸಿಲೇರಿ ಗಾಳಿ ಮೇಲಕ್ಕೇಳುವವರೆಗೆ ಅವು ರೆಕ್ಕೆ ಬಿಚ್ಚುವುದಿಲ್ಲ, ಹಾಗಾಗಿ ಕಾಫಿ ಕುಡಿದು ನಿಧಾನಕ್ಕೆ ಹೊರಟರೂ ಸಿಗುತ್ತವೆ. ಟರ್ಕಿ ವಲ್ಚರ್ ಅನ್ನುವ ಇನ್ನೊಂದು ರಣಹದ್ದೂ ಅಲ್ಲಿ ಬೇಕಾದಷ್ಟಿದೆ, ಮೋಸ ಹೋಗಬೇಡಿ. ಅದು ರೆಕ್ಕೆಯನ್ನು ಮೇಲಕ್ಕೆ ಎತ್ತಿಕೊಂಡು ಓಲಾಡುತ್ತಾ ಹಾರುತ್ತದೆ. ಕಾಂಡೊರ್ ರೆಕ್ಕೆ ಚಪ್ಪಟೆ ಚಾಚಿ, ಅಲುಗದೆ ಹೋಗುತ್ತದೆ. ಬೆಳೆದ ಕಾಂಡೊರ್‌ಗೆ ರೆಕ್ಕೆಯ ಕೆಳಗೆ ಮುಂಭಾಗದಲ್ಲಿ ಬಿಳಿ ತ್ರಿಕೋನ. ರೆಕ್ಕೆಯ ಹರವು ಒಂಬತ್ತೂವರೆ ಅಡಿ. ಮಗಳು ದುರ್ಬೀನಿನಲ್ಲಿ ನೋಡಿ ರೆಕ್ಕೆಯ ಮೇಲೆ ನಂಬರ್ ಇದೆ ಅಂದಾಗ ಅತ್ತೆ ನಂಬಲಿಲ್ಲ. ತಾವೇ ನೋಡಿ, "ಹಸುಗೆ ಕಿವಿ ಓಲೆ ಹಾಕ್ದಂಗೆ ಹಾಕವ್ರೆ" ಅಂದರು. ಸರಿಯಾದ ಮಾತು. 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡೊರನ್ನೂ ಹಿಡಿದು ತಂದಾಗ ಪ್ರಪಂಚದಲ್ಲಿ ಇದ್ದದ್ದೇ 27. ಪಂಜರದಲ್ಲಿ ಮರಿ ಮಾಡಿಸಿ ಮತ್ತೆ ಬಿಡುತ್ತಾ ಬಂದರು, ಪಿನಾಕಲ್ಸ್‌ನಲ್ಲಿ 2003ರಿಂದ. ಹಾಗಾಗಿ ಒಂದೊಂದಕ್ಕೂ ಲೆಕ್ಕ.

ಮಾವನಿಗೆ ರಾಮದೇವರಬೆಟ್ಟ ನೆನಪಾಯಿತು. ರಾಮನಗರದ ಆ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದ್ದು. ನಮ್ಮಲ್ಲಿ ಹದ್ದುಗಳನ್ನು ಕೊಂದದ್ದು ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ-ಇಂಜೆಕ್ಷನ್, ಇಲ್ಲಿ ಕೊಲ್ಲುತ್ತಿರುವುದು ಬೇಟೆಯ ಗುಂಡಿನ ಸೀಸ. ಎರಡೂ ಕಡೆ ಸತ್ತ ಪ್ರಾಣಿಯ ಮೈಯಲ್ಲಿದ್ದ ವಿಷವೇ. ಮೊಮ್ಮಕ್ಕಳಿಗೆ ಇದನ್ನು ಮಾವ ಹೇಳಿದ ರೀತಿಗೆ ಪಾರ್ಕಿನ ರೇಂಜರ್ ಕೆಲಸವನ್ನೇ ಕೊಡಬಹುದಿತ್ತು.

ಗುಹೆಗೆ ಅತ್ತೆ ಬರಲಿಲ್ಲ. ಬೇರ್ ಗಲ್ಚ್ ಗುಹೆ ಅಂದರೆ ಕಿರಿದಾದ ಕೊರಕಲಿಗೆ ಮೇಲಿಂದ ಬಂಡೆಗಳು ಉರುಳಿ ಸಿಕ್ಕಿಕೊಂಡು ಆದದ್ದು. ಟಾರ್ಚ್ ಇಲ್ಲದೆ ಆಗುವುದಿಲ್ಲ, ಬಗ್ಗಿ ತೂರಬೇಕು, ಮೆಟ್ಟಿಲು ಹತ್ತಿ ಹೋದರೆ ಮೇಲೊಂದು ಪುಟ್ಟ ಕೆರೆ. ದೊಡ್ಡ ಕಿವಿಯ ಬಾವಲಿಗಳು ಮರಿ ಹಾಕುವ ಕಾಲ, ಅಂದರೆ ಮೇ ನಡುವಿನಿಂದ ಜುಲೈ ನಡುವಿನವರೆಗೆ, ಗುಹೆ ಮುಚ್ಚಿರುತ್ತದೆ. ಹೊರಡುವ ಮುಂಚೆ ನೋಡಿಕೊಳ್ಳಿ. 25 ಅಡಿಯ ಗಾಡಿಯನ್ನು ಅಲ್ಲಿನ ಪಾರ್ಕಿಂಗಿಗೆ ಒಯ್ಯುವ ಯೋಚನೆಯೇ ಬೇಡ. ಕ್ಯಾಂಪ್‌ಗ್ರೌಂಡಿನಿಂದಲೇ ಹೊಳೆಯ ಪಕ್ಕ ಕಾಲುದಾರಿ ಇದೆ, ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ. ಅದರ ಮೊದಲ ಭಾಗ ಸಮತಟ್ಟು, ಅಷ್ಟು ದೂರ ಅತ್ತೆಯೂ ಬಂದರು.

ಭಾನುವಾರ ಹೊರಡುವ ಮೊದಲು ಟ್ಯಾಂಕ್ ಖಾಲಿ ಮಾಡುವ ಕಾರ್ಯಕ್ರಮ. ಕ್ಯಾಂಪ್‌ಗ್ರೌಂಡಿನಲ್ಲೇ ಡಂಪ್ ಸ್ಟೇಷನ್ ಇದೆ, ಹತ್ತು ಗಂಟೆಯ ಮೇಲೆ ಸಾಲು ಬೆಳೆಯುತ್ತದೆ, ಬೇಗ ಹೋಗಿ. ಗ್ಲೌಸ್ ಹಾಕಿ, ಮೊದಲು ಪಾಯಿಖಾನೆ ಟ್ಯಾಂಕು, ಆಮೇಲೆ ಸಿಂಕು-ಸ್ನಾನದ ನೀರು. ಈ ಕ್ರಮ ಏಕೆಂದರೆ ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಖಾಲಿಯಾದ ಮೇಲೂ ಒಳಗಿನ ದೀಪ ಮುಕ್ಕಾಲು ಅಂತಲೇ ತೋರಿಸುತ್ತಿತ್ತು. ಹುಡುಗ ಹೇಳಿದ್ದು ನಿಜವಿತ್ತು ಅಂತ ಇಲ್ಲಿ ಬರೆಯುವುದು ನ್ಯಾಯ, ಹಾಗಂತ ನಕ್ಷತ್ರ ಜಾಸ್ತಿ ಮಾಡುವುದಿಲ್ಲ.

ಹೋಗುವವರು ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಸಾಕಷ್ಟು ಮುಂಚೆ ಸೈಟ್ ಹಿಡಿಯಿರಿ, ಕರೆಂಟ್ ಇರುವುದನ್ನೇ ಹುಡುಕಿ. ಆರು ಜನಕ್ಕಿಂತ ಕಡಿಮೆ ಇದ್ದರೆ ಚಿಕ್ಕ ಗಾಡಿ ತೆಗೆದುಕೊಳ್ಳಿ. ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡದ ತುಂಬ ಹೂವಿರುತ್ತದೆ. ಬೇಸಿಗೆ ರಜೆಯಲ್ಲಿ ಈಜುಕೊಳ ತೆರೆದಿರುತ್ತದೆ ಅಂತ ಆಸೆಪಡುವವರಿದ್ದಾರೆ, ಆದರೆ ಆಗ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಎಸಿ ಓಡಿಸಿ, ಅನ್ನ ಬೇಕೋ ಕಾಫಿ ಬೇಕೋ ಅಂತ ಜಗಳವಾಡಿಕೊಂಡು ಕೂರಬೇಕಾಗುತ್ತದೆ.